ಚೆಕ್ ಬಂತು, ದುಡ್ಡು ಸಾಲಲಿಲ್ಲ: ಮೂರು ಬ್ಯಾಂಕುಗಳ ಓವರ್‌ಡ್ರಾಫ್ಟ್ (ಓಡಿ) ಬಗ್ಗೆ ಒಂದು ಅಂಗಡಿಯ ಅನುಭವ

ಒಂದು ಬ್ಯಾಂಕು ಹೇಗಿದೆ ಅಂತ ತಿಳಿಯಲು ಅದರ ಎಸಿ, ಸೋಫಾ, ಆ್ಯಪ್ ನೋಡಿ ಪ್ರಯೋಜನವಿಲ್ಲ. ನೀವು ಬರೆದ 1,80,000 ರೂಪಾಯಿ ಚೆಕ್ ಬ್ಯಾಂಕಿಗೆ ಬಂದಿದೆ. ಖಾತೆಯಲ್ಲಿ 1,40,000 ಮಾತ್ರ ಇದೆ. ಆಗ ಅವರು ಏನು ಮಾಡುತ್ತಾರೆ? ಫೋನ್ ಮಾಡುತ್ತಾರಾ, ಸುಮ್ನೆ ವಾಪಸ್ ಕಳಿಸುತ್ತಾರಾ, ಇಲ್ಲಾ ತಾವೇ ನಲವತ್ತು ಸಾವಿರ ಕೊಟ್ಟು ಪಾಸ್ ಮಾಡಿ ಆಮೇಲೆ ಬಡ್ಡಿ ಹಾಕುತ್ತಾರಾ? ನಾನು ಬ್ಯಾಂಕಿಗೆ ಮಾರ್ಕ್ಸ್ ಕೊಡುವುದು ಇದೊಂದರ ಮೇಲೆ.

ನಮ್ಮದು ವಿಜಯಪುರದಲ್ಲಿ ಗೊಬ್ಬರ, ಬೀಜ, ಔಷಧಿ ಅಂಗಡಿ. ಶುರು ಮಾಡಿದವರು ನಮ್ಮ ಮಾವನವರು. ಮಾಲು, ಗೋದಾಮು ಯಜಮಾನರ ಪಾಲು. ಬ್ಯಾಂಕು, ಕಿರ್ದಿ, ಜಿಎಸ್‌ಟಿ ನನ್ನ ಪಾಲು. ಗಿರಾಕಿಗಳಲ್ಲಿ ಜಾಸ್ತಿ ಜನ ಟಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರು. ದ್ರಾಕ್ಷಿ ಅಂದಮೇಲೆ ಉದ್ರಿ ಇದ್ದದ್ದೇ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ ಆದ ದಿನದಿಂದ ಔಷಧಿ ಹೋಗಲು ಶುರುವಾಗುತ್ತದೆ. ಮೋಡ ಕವಿದರೆ ಡೌನಿ ರೋಗದ ಭಯ. ಆಗ ರೈತ ರಾತ್ರಿ ಎಂಟಕ್ಕೆ ಫೋನ್ ಮಾಡಿ ‘ಅಕ್ಕಾರ, ಬೆಳಿಗ್ಗೆ ಹೊಡಿಬೇಕ್ರಿ’ ಅನ್ನುತ್ತಾನೆ. ಇಲ್ಲ ಅನ್ನಲು ಆಗುವುದಿಲ್ಲ. ಕಾಯಿ ಕೊಯ್ದು, ಶೆಡ್ಡಿನಲ್ಲಿ ಒಣಗಿಸಿ, ಒಣದ್ರಾಕ್ಷಿ ಮಾರಿ ದುಡ್ಡು ಬರುವುದು ಮಾರ್ಚ್, ಏಪ್ರಿಲ್‌ಗೆ. ರೇಟು ಬಿದ್ದಿದ್ದರೆ ಮಾಲು ಕೋಲ್ಡ್ ಸ್ಟೋರೇಜ್‌ಗೆ ಹೋಗುತ್ತದೆ, ನಮ್ಮ ದುಡ್ಡೂ ಅದರ ಜೊತೆ ಒಳಗೆ ಹೋಗಿ ಕೂರುತ್ತದೆ. ಆದರೆ ಕಂಪನಿಯವರು, ಡಿಸ್ಟ್ರಿಬ್ಯೂಟರ್‌ಗಳು ಅಲ್ಲಿತನಕ ಕಾಯುವುದಿಲ್ಲ. ಈ ನಡುವಿನ ತಿಂಗಳುಗಳನ್ನು ದಾಟಿಸುವುದು ಓಡಿ, ಅಂದರೆ ಓವರ್‌ಡ್ರಾಫ್ಟ್. ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ತೆಗೆಯಲು ಬ್ಯಾಂಕು ಕೊಡುವ ಅವಕಾಶ.

ಬ್ಯಾಂಕುಗಳ ಹೆಸರು ಬರೆಯುವುದಿಲ್ಲ. ಒಂದೇ ಬ್ಯಾಂಕಿನ ಎರಡು ಶಾಖೆ ಎರಡು ಥರ ಇರುತ್ತವೆ. ಮ್ಯಾನೇಜರ್ ವರ್ಗವಾದರೆ ಅದೇ ಶಾಖೆ ಮೂರನೇ ಥರ. ಹೆಸರು ಕೇಳಿ ಹೋಗಿ ನೀವು ನಿರಾಸೆಯಾದರೆ ನನ್ನನ್ನು ಬೈಯುತ್ತೀರಿ.

ಮೊದಲನೆಯದು ಖಾಸಗಿ ಬ್ಯಾಂಕಿನ ಕರೆಂಟ್ ಅಕೌಂಟ್. ತೆರೆಯುವಾಗ ಬಲು ಚೆನ್ನ. ಹುಡುಗ ಅಂಗಡಿಗೇ ಬಂದ, ಟ್ಯಾಬ್‌ನಲ್ಲಿ ಫೋಟೋ ತೆಗೆದ, ಕ್ಯೂಆರ್ ಸ್ಟ್ಯಾಂಡು ಕೊಟ್ಟ. ‘ನಿಮಗಂತಲೇ ಒಬ್ಬ ರಿಲೇಶನ್‌ಶಿಪ್ ಮ್ಯಾನೇಜರ್ ಇರುತ್ತಾರೆ ಮೇಡಂ’ ಅಂದ. ಇದ್ದರು. ಆದರೆ ಪ್ರತಿ ಸಲ ಬೇರೆಯವರು. ಹೊಸಬರಿಗೆ ನಾವು ದ್ರಾಕ್ಷಿ ಮಾರುತ್ತೇವಾ, ದ್ರಾಕ್ಷಿಗೆ ಔಷಧಿ ಮಾರುತ್ತೇವಾ ಅನ್ನುವುದರಿಂದ ಹೇಳಬೇಕು.

ಅಲ್ಲಿ ಪರೀಕ್ಷೆಯ ದಿನ ಬಂದದ್ದು ಒಂದು ಡಿಸೆಂಬರ್‌ನಲ್ಲಿ. ಹುಬ್ಬಳ್ಳಿಯ ಡಿಸ್ಟ್ರಿಬ್ಯೂಟರ್‌ಗೆ ಕೊಟ್ಟ ಚೆಕ್ ಕ್ಲಿಯರಿಂಗ್‌ಗೆ ಬಂತು. ಅದೇ ದಿನ ನಮಗೆ ಬರಬೇಕಿದ್ದ ಒಬ್ಬ ಗಿರಾಕಿಯ ಚೆಕ್ ಪಾಸಾಗಲಿಲ್ಲ. ಕಡಿಮೆ ಬಿದ್ದದ್ದು ಸಣ್ಣ ಮೊತ್ತ. ಬೇರೆ ಖಾತೆಯಿಂದ ಐದು ನಿಮಿಷದಲ್ಲಿ ಹಾಕಬಹುದಿತ್ತು. ಯಾರೂ ಫೋನ್ ಮಾಡಲಿಲ್ಲ. ಮೊಬೈಲಿಗೆ ಬಂದದ್ದು ಚೆಕ್ ವಾಪಸ್ ಹೋದ ಮೇಲಿನ ಮೆಸೇಜು. ಅದರ ಹಿಂದೆಯೇ ಚಾರ್ಜು ಕತ್ತರಿಸಿದ ಮೆಸೇಜು: 500 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ 90, ಒಟ್ಟು 590. ಡಿಸ್ಟ್ರಿಬ್ಯೂಟರ್‌ನ ಬ್ಯಾಂಕು ಅವರಿಗೂ ಚಾರ್ಜು ಹಾಕಿತು. ಅವರು ಅದನ್ನು ಡೆಬಿಟ್ ನೋಟ್ ಮಾಡಿ ನಮಗೇ ಕಳಿಸಿದರು. ಮುಂದಿನ ಎರಡು ಲೋಡಿಗೆ ‘ಆರ್‌ಟಿಜಿಎಸ್ ಮಾಡಿ, ಆಮೇಲೆ ಗಾಡಿ ಬಿಡ್ತೀವಿ’ ಅಂದರು. 590 ರೂಪಾಯಿ ಮರೆತುಹೋಗುತ್ತದೆ, ಈ ಮಾತು ಮರೆಯುವುದಿಲ್ಲ.

ಶಾಖೆಗೆ ಹೋಗಿ ಕೇಳಿದರೆ ‘ಸಿಸ್ಟಮ್ ಮೇಡಂ, ನಮ್ಮ ಕೈಯಲ್ಲಿಲ್ಲ’ ಅಂದರು. ಇರಲಿ. ತಮಾಷೆ ನಡೆದದ್ದು ಆಮೇಲೆ. ಅದೇ ತಿಂಗಳು ಅದೇ ಬ್ಯಾಂಕಿನ ಆ್ಯಪ್‌ನಲ್ಲಿ ‘ನಿಮಗೆ 5 ಲಕ್ಷ ಓಡಿ ಮಂಜೂರಾಗಿದೆ, ಒಂದು ಕ್ಲಿಕ್ ಸಾಕು’ ಅಂತ ಬಂತು. ಬಡ್ಡಿ ಶೇ 16. ಅದರ ಮೇಲೆ ಪ್ರೋಸೆಸಿಂಗ್ ಫೀ. ಸಣ್ಣ ಮೊತ್ತಕ್ಕೆ ಚೆಕ್ ವಾಪಸ್ ಕಳಿಸುವಷ್ಟು ನಂಬಿಕೆ ಇಲ್ಲದ ಗಿರಾಕಿಗೆ 5 ಲಕ್ಷ ಕೊಡಲು ನಂಬಿಕೆ ಎಲ್ಲಿಂದ ಬಂತು? ಶೇ 16ರಿಂದ ಬಂತು, ಇನ್ನೇನು.

ಚೆಕ್ ವಾಪಸ್ ಹೋದರೆ ಏನಾಗುತ್ತದೆ ಅಂತ ಹೊಸದಾಗಿ ಅಂಗಡಿ ಇಟ್ಟವರಿಗೆ ಗೊತ್ತಿರಲಿ. 1881ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕಾರ ಇದು ಅಪರಾಧ. ಚೆಕ್ ಪಡೆದವರು 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ಸಿಕ್ಕ 15 ದಿನದೊಳಗೆ ನಾವು ದುಡ್ಡು ಕಟ್ಟಿದರೆ ಅಲ್ಲಿಗೆ ಮುಗಿಯಿತು. ಕಟ್ಟದಿದ್ದರೆ ಕೋರ್ಟು. ಎರಡು ವರ್ಷದವರೆಗೆ ಜೈಲು, ಇಲ್ಲಾ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಇಲ್ಲಾ ಎರಡೂ. ನಮ್ಮ ವ್ಯಾಪಾರದಲ್ಲಿ ಕಂಪನಿಗಳು ಡೀಲರ್‌ಗಳ ಹತ್ತಿರ ಖಾಲಿ ಚೆಕ್ ಇಸಿದುಕೊಂಡಿರುತ್ತವೆ. ಹಾಗಾಗಿ ಈ ಕಲಂ ನಮಗೆ ದೂರದ ಮಾತಲ್ಲ.

ಇನ್ನೊಂದು ಬದಲಾವಣೆ ಬಹಳ ಜನಕ್ಕೆ ಇನ್ನೂ ಮನಸ್ಸಿಗೆ ಬಂದಿಲ್ಲ. ಮೊದಲು ಚೆಕ್ ಕೊಟ್ಟರೆ ಒಂದೆರಡು ದಿನ ಸಿಗುತ್ತಿತ್ತು. ಇವತ್ತು ಕೊಟ್ಟು ನಾಳೆ ವಸೂಲಿ ಮಾಡಿ ತುಂಬುವ ಲೆಕ್ಕ ನಡೆಯುತ್ತಿತ್ತು. 2025ರ ಅಕ್ಟೋಬರ್ 4ರಿಂದ ರಿಸರ್ವ್ ಬ್ಯಾಂಕು ಅದನ್ನು ಬದಲಿಸಿದೆ. ಹಗಲಿನ ಗೊತ್ತಾದ ಸಮಯದೊಳಗೆ ಹಾಕಿದ ಚೆಕ್ಕಿನ ಚಿತ್ರ ಆಗಿಂದಾಗಲೇ ನಮ್ಮ ಬ್ಯಾಂಕಿಗೆ ಹೋಗುತ್ತದೆ. ಸಂಜೆ 7ರೊಳಗೆ ಪಾಸೋ ವಾಪಸ್ಸೋ ಹೇಳಬೇಕು. ಅಂದರೆ ಬೆಳಿಗ್ಗೆ ಕೊಟ್ಟ ಚೆಕ್ ಸಂಜೆಗೆ ಮುಗಿದುಹೋಗುತ್ತದೆ. ನಮಗೆ ಬರುವ ಚೆಕ್ಕಿಗೆ ಇದು ಒಳ್ಳೆಯದೇ. ಕೊಡುವ ಚೆಕ್ಕಿಗೆ ಮಾತ್ರ ಓಡಿ ಇಲ್ಲದೆ ಧೈರ್ಯ ಸಾಲದು.

ಅಮೆರಿಕದಲ್ಲಿ ಈ ಆಟವೇ ಬೇರೆ. ಅಲ್ಲಿ ಚೆಕಿಂಗ್ ಅಕೌಂಟ್‌ನಲ್ಲಿ ದುಡ್ಡು ಕಡಿಮೆ ಬಿದ್ದರೆ ಬ್ಯಾಂಕುಗಳು ಎಷ್ಟೋ ಸಲ ತಾವೇ ಕೊಟ್ಟು ಪಾಸ್ ಮಾಡಿ, ಒಂದೊಂದು ಸಲಕ್ಕೂ ಸುಮಾರು 35 ಡಾಲರ್ ಫೀ ಹಾಕುವ ರೂಢಿ ಬೆಳೆಸಿಕೊಂಡವು. ಕಾಫಿ ಕುಡಿದು ಕಾರ್ಡ್ ತಿಕ್ಕಿದರೂ 35 ಡಾಲರ್. 2010ರಿಂದ ಎಟಿಎಂ ಮತ್ತು ಕಾರ್ಡಿನ ಖರ್ಚಿಗೆ ಗಿರಾಕಿ ಮೊದಲೇ ಒಪ್ಪಿಗೆ ಕೊಟ್ಟಿದ್ದರೆ ಮಾತ್ರ ಆ ಫೀ ಹಾಕಬೇಕು ಅಂತ ನಿಯಮ ಬಂತು. ನಮ್ಮಲ್ಲಿ ಫೀಗಿಂತ ದಿನದ ಲೆಕ್ಕದ ಬಡ್ಡಿಯೇ ಮುಖ್ಯ. ಅದು ನಮ್ಮ ಪುಣ್ಯ.

ಎರಡನೆಯದು ಸರ್ಕಾರಿ ಬ್ಯಾಂಕಿನ ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್. ಅಂಗಡಿಯ ಮಾಲು ಮತ್ತು ಬಾಕಿಯ ಮೇಲೆ ಕೊಡುವ ಓಡಿ ಇದು. ಮಾವನವರ ಕಾಲದಿಂದ ಇದೆ. ಪರೀಕ್ಷೆಯ ದಿನ ಈ ಶಾಖೆಗೆ ನೂರಕ್ಕೆ ನೂರು. ಕ್ಲಿಯರಿಂಗ್ ನೋಡುವವರು ಮುದ್ದೇಬಿಹಾಳದ ಕಡೆಯವರು. ಕಡಿಮೆ ಬಿದ್ದರೆ ಫೋನ್ ಬರುತ್ತದೆ. ‘ಅಕ್ಕಾರ, ನಲವತ್ತ ಸಾವಿರ ಕಡಿಮಿ ಐತ್ರಿ. ಮೂರು ಗಂಟೆ ಒಳಗ ಹಾಕ್ತೀರೇನು?’ ಹಾಕುತ್ತೇವೆ. ಆಗದಿದ್ದ ದಿನ ಮ್ಯಾನೇಜರ್ ತಮ್ಮ ಅಧಿಕಾರದಲ್ಲಿ ಟಿಓಡಿ, ಅಂದರೆ ತಾತ್ಕಾಲಿಕ ಓಡಿ ಕೊಟ್ಟು ಪಾಸ್ ಮಾಡಿದ್ದಾರೆ. ಬಡ್ಡಿ ಮಾಮೂಲಿಗಿಂತ ಜಾಸ್ತಿ, ಒಂದೆರಡು ದಿನದಲ್ಲಿ ತುಂಬಲೇಬೇಕು. ಮಾನ ಉಳಿಯಿತಲ್ವಾ, ನಾನು ದೂರುವುದಿಲ್ಲ. ಆದರೆ ಇದು ನಮ್ಮ ಹಕ್ಕಲ್ಲ, ಮ್ಯಾನೇಜರ್‌ನ ವಿಶ್ವಾಸ. ಅವರು ವರ್ಗವಾಗಿ ಹೊಸಬರು ಬಂದರೆ ಮತ್ತೆ ಮೊದಲಿನಿಂದ ವಿಶ್ವಾಸ ಗಳಿಸಬೇಕು.

ಇನ್ನು ಸಿಸಿಯ ಕಿರಿಕಿರಿ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಸಿಸಿ ಮಾಡಿಸುವಾಗ ಯಾರೂ ಇದನ್ನು ಹೇಳುವುದಿಲ್ಲ.

ನಮ್ಮ ಮಿತಿ 15 ಲಕ್ಷ. ಕೇಳಿದವರು ‘15 ಲಕ್ಷ ಬಳಸಬಹುದು’ ಅಂದುಕೊಳ್ಳುತ್ತಾರೆ. ಬಳಸಲಾಗುವುದಿಲ್ಲ. ಎಷ್ಟು ಬಳಸಬಹುದು ಅನ್ನುವುದನ್ನು ಡ್ರಾಯಿಂಗ್ ಪವರ್ ಹೇಳುತ್ತದೆ. ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್, ಅಂದರೆ ಮಾಲು ಮತ್ತು ಬಾಕಿಯ ಲೆಕ್ಕ ಕೊಡಬೇಕು. ಒಂದು ತಿಂಗಳ ಲೆಕ್ಕ ಹೀಗಿತ್ತು. ಮಾಲು 18 ಲಕ್ಷ. ಕಂಪನಿಗಳಿಗೆ ನಾವು ಕೊಡಬೇಕಾದದ್ದು 8 ಲಕ್ಷ. ಅದನ್ನು ಕಳೆದರೆ 10 ಲಕ್ಷ. ಅದರಲ್ಲಿ ನಮ್ಮ ಪಾಲು ಅಂತ ಶೇ 25 ತೆಗೆದರೆ ಏಳೂವರೆ ಲಕ್ಷ. ರೈತರ ಬಾಕಿ 12 ಲಕ್ಷ. ಆದರೆ ಅದರಲ್ಲಿ 5 ಲಕ್ಷ 90 ದಿನ ದಾಟಿತ್ತು. ನಮ್ಮ ಮಂಜೂರಾತಿ ಪತ್ರದ ಪ್ರಕಾರ 90 ದಿನ ದಾಟಿದ ಬಾಕಿ ಲೆಕ್ಕಕ್ಕೇ ಇಲ್ಲ. ಉಳಿದ 7 ಲಕ್ಷದಲ್ಲಿ ಶೇ 40 ತೆಗೆದರೆ 4 ಲಕ್ಷ 20 ಸಾವಿರ. ಎರಡೂ ಕೂಡಿಸಿದರೆ 11 ಲಕ್ಷ 70 ಸಾವಿರ. ಮಿತಿಯಲ್ಲಿ ಉಳಿದ 3 ಲಕ್ಷ 30 ಸಾವಿರ ಕಾಗದದ ಮೇಲೆ ಮಾತ್ರ.

ಈಗ ದ್ರಾಕ್ಷಿ ಲೆಕ್ಕ ಇದರ ಪಕ್ಕ ಇಟ್ಟು ನೋಡಿ. ಅಕ್ಟೋಬರ್‌ನಲ್ಲಿ ಕೊಟ್ಟ ಉದ್ರಿ ಸಂಕ್ರಾಂತಿ ಹೊತ್ತಿಗೆ, ಸಿದ್ಧೇಶ್ವರ ಜಾತ್ರೆಗೆ ಸರಿಯಾಗಿ 90 ದಿನ ಮುಟ್ಟುತ್ತದೆ. ಬ್ಯಾಂಕಿನ ಕಣ್ಣಿಗೆ ಅದು ಕೆಟ್ಟ ಬಾಕಿ. ನನ್ನ ಕಣ್ಣಿಗೆ ಅದು ಬಳ್ಳಿಯ ಮೇಲೆ ತೂಗುತ್ತಿರುವ ದುಡ್ಡು. ಕೊಯ್ಲಿಗೆ ಇನ್ನೂ ತಿಂಗಳಿದೆ, ಆಗಲೇ ಡ್ರಾಯಿಂಗ್ ಪವರ್ ಇಳಿದಿರುತ್ತದೆ. ನಮಗೆ ದುಡ್ಡು ಜಾಸ್ತಿ ಬೇಕಾದ ತಿಂಗಳಲ್ಲೇ ಮಿತಿ ಕುಗ್ಗುತ್ತದೆ. ರೈತನ ಬೆಳೆ ಸಾಲಕ್ಕೆ ಬ್ಯಾಂಕು ಬೆಳೆಯ ಹಂಗಾಮು ನೋಡಿ ಗಡುವು ಹಾಕುತ್ತದೆ. ಅದೇ ರೈತನಿಗೆ ಮಾಲು ಕೊಟ್ಟ ಅಂಗಡಿಗೆ ಮಾತ್ರ ಕ್ಯಾಲೆಂಡರ್ ನೋಡಿ ಗಡುವು. ಇದು ನ್ಯಾಯ ಅಂತ ನನಗೆ ಯಾವತ್ತೂ ಅನಿಸಿಲ್ಲ. ಮಂಜೂರಾತಿ ಸಮಯದಲ್ಲೇ ‘ನಮ್ಮದು ದ್ರಾಕ್ಷಿ ಉದ್ರಿ, ಬಾಕಿಯ ಅವಧಿ ಜಾಸ್ತಿ ಹಾಕಿ’ ಅಂತ ಬರೆದು ಕೇಳಬಹುದು. ಮೇಲಿನ ಆಫೀಸು ಒಪ್ಪಿದರೆ ಹಾಕುತ್ತಾರೆ. ಸಹಿ ಹಾಕಿದ ಮೇಲೆ ಕೇಳಿದರೆ ‘ರಿನ್ಯೂವಲ್‌ನಲ್ಲಿ ನೋಡೋಣ’ ಅನ್ನುತ್ತಾರೆ.

ಇನ್ನೊಂದು 90 ದಿನವೂ ಇದೆ, ಅದು ಇನ್ನೂ ಗಂಭೀರ. ಓಡಿ ಖಾತೆ 90 ದಿನ ಒಂದೇ ಸಮ ಮಿತಿ ದಾಟಿ ಇದ್ದರೆ, ಇಲ್ಲಾ ಆ 90 ದಿನದಲ್ಲಿ ಹಾಕಿದ ಬಡ್ಡಿಯಷ್ಟೂ ಜಮಾ ಬಾರದಿದ್ದರೆ, ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಅದು ಎನ್‌ಪಿಎ, ಅಂದರೆ ಕೆಟ್ಟ ಸಾಲ. ಬಡ್ಡಿ ಪ್ರತಿ ತಿಂಗಳ ಕೊನೆಗೆ ಬೀಳುತ್ತದೆ. ಹಾಗಾಗಿ ಎಷ್ಟೇ ಬಿಗಿ ಇದ್ದರೂ ತಿಂಗಳ ಬಡ್ಡಿಯಷ್ಟನ್ನಾದರೂ ಚಿಲ್ಲರೆ ಮಾರಾಟದಿಂದ ಅದೇ ಖಾತೆಗೆ ಕಟ್ಟುತ್ತೇನೆ. ಕ್ಯೂಆರ್ ದುಡ್ಡು ಒಂದು ಬ್ಯಾಂಕಿಗೆ, ಸಾಲ ಇನ್ನೊಂದು ಬ್ಯಾಂಕಿನಲ್ಲಿ ಅನ್ನುವ ಅಂಗಡಿಗಳು ಇದರಲ್ಲಿ ಸಿಕ್ಕಿಬೀಳುತ್ತವೆ.

ಅಂಗಡಿ ಮುಂದೆ ‘ಇಲ್ಲಿನ ಮಾಲು ಬ್ಯಾಂಕಿಗೆ ಅಡವಾಗಿದೆ’ ಅಂತ ಬೋರ್ಡು ಹಾಕಬೇಕು. ಮಾವನವರಿಗೆ ಇದು ಬಹಳ ನಾಚಿಕೆಯ ವಿಷಯ. ಬೋರ್ಡು ಇದೆ. ಅದರ ಮುಂದೆ ಗೊಬ್ಬರದ ಚೀಲ ಯಾವಾಗಲೂ ಎತ್ತರಕ್ಕೆ ಪೇರಿಸಿರುತ್ತದೆ. ಇನ್‌ಸ್ಪೆಕ್ಷನ್‌ಗೆ ಬಂದ ಅಧಿಕಾರಿ ಚೀಲದ ಹಿಂದೆ ಬಗ್ಗಿ ನೋಡಿ ನಕ್ಕು ಹೋಗುತ್ತಾರೆ.

ದಂಡದ ವಿಷಯದಲ್ಲಿ ಒಂದು ಸುಧಾರಣೆ ಆಗಿದೆ. ಮೊದಲು ಸ್ಟೇಟ್‌ಮೆಂಟ್ ತಡವಾದರೆ, ಮಿತಿ ದಾಟಿದರೆ ದಂಡದ ಬಡ್ಡಿ ಹಾಕುತ್ತಿದ್ದರು, ಆ ಬಡ್ಡಿಯ ಮೇಲೆ ಮತ್ತೆ ಬಡ್ಡಿ ಬೆಳೆಯುತ್ತಿತ್ತು. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಹಾಗೆ ಮಾಡಬಾರದು ಅಂದಿತು. ದಂಡ ಹಾಕಬಹುದು, ಆದರೆ ಅದು ಚಾರ್ಜು ಮಾತ್ರ, ಅದರ ಮೇಲೆ ಬಡ್ಡಿ ಕಟ್ಟಿಸುವಂತಿಲ್ಲ. 2024ರ ಏಪ್ರಿಲ್‌ನಿಂದ ಹೊಸ ಸಾಲಗಳಿಗೆ ಇದು ಜಾರಿಗೆ ಬಂತು. ನಿಮ್ಮ ಸ್ಟೇಟ್‌ಮೆಂಟ್ ತೆಗೆದು ಒಮ್ಮೆ ನೋಡಿ. ‘ಪೀನಲ್’ ಅಂತ ಏನು ಬಿದ್ದಿದೆ, ಹೇಗೆ ಬಿದ್ದಿದೆ ಅಂತ ಕೇಳಿ. ಉತ್ತರ ಸರಿ ಇಲ್ಲದಿದ್ದರೆ ಬರೆದು ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌, ಅಂದರೆ ಬ್ಯಾಂಕಿನ ಮೇಲಿನ ದೂರು ಕೇಳುವ ಅಧಿಕಾರಿಯ ಹತ್ತಿರ ಹೋಗಬಹುದು. ವಿಚಾರಿಸಲು 14448 ನಂಬರ್ ಇದೆ.

ಮೂರನೆಯದು ಎಫ್‌ಡಿ ಮೇಲಿನ ಓಡಿ. ಇದನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ, ಯಾರೂ ಕೇಳುವುದಿಲ್ಲ. ‘ದುಡ್ಡಿದ್ದವರಿಗೆ ಸಾಲ ಯಾಕ್ ಬೇಕ್ರಿ?’ ಅನ್ನುತ್ತಾರೆ. ಲೆಕ್ಕ ನೋಡಿ. ನಮ್ಮ 10 ಲಕ್ಷದ ಎಫ್‌ಡಿಗೆ ಶೇ 6.5 ಬಡ್ಡಿ ಬರುತ್ತದೆ. ಅದರ ಮೇಲೆ ಶೇ 90, ಅಂದರೆ 9 ಲಕ್ಷ ಓಡಿ. ಓಡಿಯ ಬಡ್ಡಿ ಎಫ್‌ಡಿಗಿಂತ ಶೇ 1 ಜಾಸ್ತಿ, ಶೇ 7.5. ಬಡ್ಡಿ ಬೀಳುವುದು ಬಳಸಿದಷ್ಟಕ್ಕೆ, ಬಳಸಿದಷ್ಟು ದಿನಕ್ಕೆ. 3 ಲಕ್ಷವನ್ನು 20 ದಿನ ಬಳಸಿದರೆ 1,233 ರೂಪಾಯಿ. ಅದೇ 3 ಲಕ್ಷದ ಎಫ್‌ಡಿ ಅತ್ತ ಬಡ್ಡಿ ದುಡಿಯುತ್ತಲೇ ಇರುತ್ತದೆ. ಅದನ್ನು ಕಳೆದರೆ ನಿಜವಾಗಿ ಕೈಬಿಟ್ಟದ್ದು 164 ರೂಪಾಯಿ. ನಮ್ಮ ಸಿಸಿಯಲ್ಲಿ ಶೇ 10.5ರ ಲೆಕ್ಕಕ್ಕೆ ಅದೇ 1,726 ಆಗುತ್ತಿತ್ತು. ಆ ಆ್ಯಪ್‌ನ ಶೇ 16ಕ್ಕೆ 2,630. ಎಫ್‌ಡಿ ಮುರಿಸಿದರೆ ಬಡ್ಡಿ ದರವೇ ಇಳಿಯುತ್ತದೆ, ಅದರ ಮೇಲೆ ದಂಡ ಬೇರೆ.

ಸ್ಟಾಕ್ ಸ್ಟೇಟ್‌ಮೆಂಟ್ ಇಲ್ಲ, ಇನ್‌ಸ್ಪೆಕ್ಷನ್ ಇಲ್ಲ, ಬೋರ್ಡು ಇಲ್ಲ. ಕಾಗದಪತ್ರ ಅದೇ ದಿನ ಮುಗಿಯಿತು. ಪರೀಕ್ಷೆಯ ದಿನ ಅನ್ನುವುದೇ ಇಲ್ಲಿ ಬರುವುದಿಲ್ಲ. ಚೆಕ್ ಬರುತ್ತದೆ, ಮಿತಿಯೊಳಗೆ ಪಾಸಾಗುತ್ತದೆ, ಯಾರ ವಿಶ್ವಾಸವೂ ಬೇಡ.

ಕೊರತೆಗಳೂ ಇವೆ. ಎಫ್‌ಡಿ ಯಾರ ಹೆಸರಲ್ಲಿದೆಯೋ ಅವರೆಲ್ಲರ ಸಹಿ ಬೇಕು. ಅತ್ತೆಯವರ ಹೆಸರಿನ ಎಫ್‌ಡಿ ಇಡಲು ನೋಡಿದೆವು, ಬೇರೆಯವರ ಠೇವಣಿ ಆದರೆ ಬಡ್ಡಿ ಜಾಸ್ತಿ ಅಂದರು, ಬಿಟ್ಟೆವು. ಎಫ್‌ಡಿಯ ಅವಧಿ ಮುಗಿದ ದಿನವೇ ಓಡಿಯೂ ಮುಗಿಯುತ್ತದೆ. ಈ ಮಾತನ್ನು ಕೌಂಟರ್‌ನಲ್ಲಿ ಯಾರೂ ತಾವಾಗಿ ಹೇಳಲಿಲ್ಲ. ರಸೀದಿಯ ಮೇಲಿನ ತಾರೀಖು ನೋಡಿ ನಾನೇ ಕೇಳಿದ ಮೇಲೆ ಹೇಳಿದರು. ಇಲ್ಲಿಯ ಸಿಬ್ಬಂದಿ ಒರಟೇನಲ್ಲ, ಆದರೆ ಕನ್ನಡದಲ್ಲಿ ಒಂದು ಫಾರ್ಮೂ ಇಲ್ಲ. ಅತ್ತೆಯವರಂಥವರು ಸಹಿ ಹಾಕುವ ಕಾಗದದಲ್ಲಿ ಏನಿದೆ ಅಂತ ಯಾರಾದರೂ ಓದಿ ಹೇಳಬೇಕಲ್ವಾ? ಒಂದು ಅಂಕ ಕತ್ತರಿಸಿದ್ದೇನೆ.

ಸಣ್ಣ ಓಡಿಯ ಬಗ್ಗೆಯೂ ಒಂದು ಮಾತು. ನಮ್ಮ ಗೋದಾಮಿನಲ್ಲಿ ಕೆಲಸ ಮಾಡುವವನ ಹೆಂಡತಿಗೆ ಜನಧನ್ ಖಾತೆ ಇದೆ. ಅದರಲ್ಲಿ 10,000 ರೂಪಾಯಿವರೆಗೆ ಓಡಿಗೆ ಅವಕಾಶ ಇದೆ. 2018ರಲ್ಲಿ 5,000ದಿಂದ ಹೆಚ್ಚಿಸಿದ್ದು. 2,000ದವರೆಗೆ ಷರತ್ತೇ ಇಲ್ಲ. ಮನೆಗೊಂದು ಖಾತೆಗೆ, ಅದರಲ್ಲೂ ಹೆಣ್ಣುಮಕ್ಕಳ ಖಾತೆಗೆ ಮೊದಲ ಆದ್ಯತೆ. ಮಗನ ಹಾಸ್ಟೆಲ್ ಫೀಗೆ ಅಂತ ಆಕೆ ಹೋಗಿ ಕೇಳಿದರೆ ‘ಈಗ ಅದೆಲ್ಲ ಕೊಡೋದಿಲ್ಲ’ ಅಂದರು. ನಾನು ಜೊತೆಗೆ ಹೋಗಿ ‘ಸರ, ಕೊಡೋದಿಲ್ಲ ಅಂತ ಬರದು ಕೊಡ್ರಿ’ ಅಂದೆ. ಅರ್ಜಿ ಫಾರ್ಮು ಟೇಬಲ್ಲಿನ ಡ್ರಾವರಿನಲ್ಲೇ ಇತ್ತು! ಕೆಲವು ದಿನದ ಮೇಲೆ 5,000 ಮಂಜೂರಾಯಿತು. ಬಡ್ಡಿಗೆ ಕೊಡುವವರ ಹತ್ತಿರ ಹೋಗಿದ್ದರೆ ಅದರ ಕಥೆಯೇ ಬೇರೆ ಆಗುತ್ತಿತ್ತು. ಆ ಶಾಖೆಗೆ ಹತ್ತಕ್ಕೆ ಮೂರು, ಅದೂ ಕೊನೆಗೆ ಕೊಟ್ಟಿದ್ದಕ್ಕೆ.

ಮೊದಲ ಬ್ಯಾಂಕಿನ ಕರೆಂಟ್ ಅಕೌಂಟ್ ಈಗ ಕ್ಯೂಆರ್ ದುಡ್ಡಿಗಷ್ಟೇ ಇದೆ, ಸಂಜೆಗೆ ಅದನ್ನು ಸಿಸಿಗೆ ತಳ್ಳುತ್ತೇನೆ. ಆದರೂ ಒಂದು ಎಚ್ಚರ ಬೇಕು. ಉಳಿತಾಯ ಖಾತೆಯಲ್ಲಿ ಕನಿಷ್ಠ ಬ್ಯಾಲೆನ್ಸ್ ಇಲ್ಲ ಅಂತ ಚಾರ್ಜು ಹಾಕುತ್ತಾ ಖಾತೆಯನ್ನು ಮೈನಸ್‌ಗೆ ಇಳಿಸುವಂತಿಲ್ಲ, 2015ರ ಏಪ್ರಿಲ್‌ನಿಂದ ಹಾಗೆ ನಿಯಮ ಇದೆ. ಆ ನಿಯಮ ಕರೆಂಟ್ ಅಕೌಂಟಿಗೆ ಇಲ್ಲ. ಬಳಸದೆ ಬಿಟ್ಟ ಖಾತೆಯನ್ನು ಮುಚ್ಚಿಸಿಬಿಡಿ.

ಸಿಸಿ ಬಿಡುವ ಯೋಚನೆ ನನಗಿಲ್ಲ. 9 ಲಕ್ಷದಲ್ಲಿ ದ್ರಾಕ್ಷಿ ಹಂಗಾಮು ದಾಟುವುದು ಕಷ್ಟ. ರೈತರ ದುಡ್ಡು ಬಂದ ವರ್ಷ ಎಫ್‌ಡಿಗೆ ಸ್ವಲ್ಪ ಸ್ವಲ್ಪ ಸೇರಿಸಿ, ಸಿಸಿ ಬಳಕೆ ಇಳಿಸುತ್ತಾ ಬಂದಿದ್ದೇವೆ. ಹೊಸದಾಗಿ ಸಿಸಿ ಮಾಡಿಸುವವರು ಮಂಜೂರಾತಿಯ ತಾರೀಖು ಮೇ ತಿಂಗಳಿಗೆ ಬರುವಂತೆ ನೋಡಿಕೊಳ್ಳಿ, ಯಾಕೆಂದರೆ ಪ್ರತಿ ವರ್ಷದ ರಿನ್ಯೂವಲ್ ಅದೇ ತಾರೀಖಿಗೆ ಬರುತ್ತದೆ. ಮೇ ಹೊತ್ತಿಗೆ ಒಣದ್ರಾಕ್ಷಿ ದುಡ್ಡು ಬಂದು, ಬಾಕಿ ಇಳಿದು, ಖಾತೆ ತಂಪಾಗಿರುತ್ತದೆ. ನಮ್ಮದು ಮೊದಲು ಜನವರಿಯಲ್ಲಿ ಬರುತ್ತಿತ್ತು. ಖಾತೆ ಮಿತಿಯ ಅಂಚಿನಲ್ಲಿರುವಾಗ ಅಧಿಕಾರಿ ಕಡತ ಬಿಚ್ಚಿದರೆ ಮಿತಿ ಹೆಚ್ಚಿಸಿ ಅಂತ ಕೇಳಲು ಬಾಯಿ ಬರುವುದಿಲ್ಲ. ಬರೆದು ಕೇಳಿಕೊಂಡ ಮೇಲೆ ತಾರೀಖು ಬದಲಿಸಿಕೊಟ್ಟರು.